ಮುಲ್ತಾನಿನ ಬಟ್ಟಲು

ಆಗ ನನಗೆ ಎಪ್ಪತ್ತು. ಎರಡು ವರ್ಷದ ಹಿಂದಿನ ಮಾತು. ಎಪ್ಪತ್ತು ಎಂದು ಪಾಸ್‌ಪೋರ್ಟಿನಲ್ಲಿದೆ. ನಿಜವಾಗಿ ಎಷ್ಟೋ ನನ್ನ ಅವ್ವನಿಗೆ ಗೊತ್ತಿತ್ತು, ಅವಳು ಹೇಳದೆ ಹೋದಳು.

ಇಂಗ್ಲೆಂಡಿಗೆ ಹೋಗಿ ಮೂರು ತಿಂಗಳು ಇದ್ದು ಬಂದೆ. ಹೋಗಿ ಬಂದವರು ಸೇತುವೆ, ಗಡಿಯಾರದ ಗೋಪುರ, ರಾಜನ ಅರಮನೆ ಇವನ್ನೆಲ್ಲ ಬರೆಯುತ್ತಾರಂತೆ. ನಾನು ಅವು ಯಾವುದನ್ನೂ ನೋಡಲಿಲ್ಲ. ನನ್ನ ಮೂರು ತಿಂಗಳು ಒಂದು ಬಟ್ಟಲಿನ ಹಿಂದೆ ಹೋಯಿತು. ಅದನ್ನೇ ಬರೆಯುತ್ತೇನೆ.

ಔರಾದ ಬಸ್ ಸ್ಟ್ಯಾಂಡ್

ನಮ್ಮ ಊರು ಡಾಬಕಾ, ಔರಾದ ತಾಲೂಕು. ಎಮ್ಮೆ ತಪ್ಪಿಸಿಕೊಂಡರೆ ಮಹಾರಾಷ್ಟ್ರಕ್ಕೆ ಹೋಗಿ ಹುಡುಕಬೇಕು, ಅಂಥ ಕಡೆ. ಮಗಳು ಸುಜಾತಾ ಭಾಲ್ಕಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದಿದಳು, ಆಮೇಲೆ ಬೀದರ್. ಬೀದರಿನಲ್ಲಿ ಬೆಳಿಗ್ಗೆ ಎದ್ದರೆ ತರಬೇತಿಯ ವಿಮಾನಗಳು ತಲೆಯ ಮೇಲೆ ಸುತ್ತುತ್ತವೆ. ಎಲ್ಲರೂ ಒಮ್ಮೆ ಕತ್ತೆತ್ತಿ ನೋಡಿ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಇವಳು ಹೋಗಲಿಲ್ಲ, ನೋಡುತ್ತಾ ನಿಂತಳು. ಈಗ ವಾಯುಪಡೆಯಲ್ಲಿ ವಿಂಗ್ ಕಮಾಂಡರ್. ಅಳಿಯ ಹಡಗಿನವನು, ಆರು ತಿಂಗಳು ನೀರಿನ ಮೇಲೆ, ಆರು ತಿಂಗಳು ನೆಲದ ಮೇಲೆ. ಮಕ್ಕಳಿಲ್ಲ. ಅದನ್ನು ಕೇಳುವವರು ನನ್ನನ್ನು ಕೇಳಬೇಕು, ಅವಳನ್ನು ಕೇಳಬಾರದು. ನನ್ನನ್ನು ಕೇಳಿದವರು ಎರಡನೇ ಸಲ ಕೇಳಿಲ್ಲ.

ಇಂಗ್ಲೆಂಡಿನಲ್ಲಿ ಸೈನ್ಯದ ಅಧಿಕಾರಿಗಳಿಗೆಂದೇ ಒಂದು ಕಾಲೇಜು. ಹದಿನೈದು ವರ್ಷ ನೌಕರಿ ಮಾಡಿದವರನ್ನು ಕರೆದು ಒಂದು ವರ್ಷ ಮತ್ತೆ ಬೆಂಚಿನ ಮೇಲೆ ಕೂರಿಸುತ್ತಾರೆ. ಭೂಸೇನೆ, ನೌಕಾಪಡೆ, ವಾಯುಪಡೆ ಎಲ್ಲರೂ ಒಂದೇ ಕೋಣೆಯಲ್ಲಿ. ಬೇರೆ ದೇಶದವರೂ ಇರುತ್ತಾರೆ. ಆ ವರ್ಷ ನಮ್ಮ ಕಡೆಯಿಂದ ಸುಜಾತಾ ಹೋಗಿದ್ದಳು. ಫೋನ್ ಮಾಡಿದಳು.

"ಅವ್ವ, ಇಲ್ಲಿ ಒಬ್ಬಾಕಿನೇ ಇದ್ದೀನಿ. ಬರ್ತೀ ಏನ್?"

"ಥಂಡಿ ಭಾಳ ಅಂತಾರಲ್ಲ."

"ಮನಿ ಒಳಗ ಬೆಚ್ಚಗ ಇರ್ತದ. ನೀ ಹೊರಗ ಹೋಗಬ್ಯಾಡ."

ಹೊರಗೆ ಹೋಗದೆ ಇರುವುದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು ಎಂದು ಕೇಳಬೇಕೆಂದಿದ್ದೆ. ಭಾಲ್ಕಿ ಬಜಾರಿನಲ್ಲಿ ಎರಡು ಸ್ವೆಟರ್ ಕೊಂಡೆ. ಮೆಹಕರದಲ್ಲಿರುವ ನನ್ನ ತಂಗಿ ರೊಟ್ಟಿಗೆ ಹಚ್ಚಿಕೊಳ್ಳಲು ಖಾರದ ಶೇಂಗಾ ಹಿಂಡಿ ಕುಟ್ಟಿ ಕೊಟ್ಟಳು.

ಔರಾದಿನಲ್ಲಿ ಬಸ್ ಹತ್ತಿದೆ. ಕಂಡಕ್ಟರ್ ಬಂದು, "ಎಲ್ಲಿಗಿ ಹೊಂಟೀರಿ ಆಯಿ, ಇಷ್ಟು ಗಂಟು ಕಟ್ಕೊಂಡು?" ಎಂದ.

"ಇಂಗ್ಲಂಡಿಗಿ."

"ಬೀದರ್ ತನಕ ಹೆಣ್ಮಕ್ಕಳಿಗಿ ಫುಕಟ ಅದರಿ. ಮುಂದಿಂದು ನೀವೇ ನೋಡ್ಕೋರಿ" ಎಂದು ಟಿಕೆಟ್ ಹರಿದು ಕೊಟ್ಟ.

ಆಕಾಶ

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ತಪಾಸಣೆಯ ಪೆಟ್ಟಿಗೆಯೊಳಗೆ ಹೋಗಿ ಬೇಗ ಹೊರಗೆ ಬರಲಿಲ್ಲ. ಹಿಂಡಿಯ ಡಬ್ಬಿ ನೋಡಿ ಒಬ್ಬ ಹುಡುಗಿ ಇದೇನು ಎಂದಳು. ತಿನ್ನುವುದು ಎಂದೆ. ನಂಬಲಿಲ್ಲ. ಮುಚ್ಚಳ ತೆಗೆದು ಮೂಗು ಹತ್ತಿರ ತಂದಳು. ನಾಲ್ಕು ಸಲ ಸೀನಿದಳು. ಕಣ್ಣು ಒರೆಸಿಕೊಂಡು, ಹೋಗಿ ಎಂದಳು.

ವಿಮಾನದಲ್ಲಿ ಕೊಟ್ಟ ಊಟ ಹಸಿವಾದವರಿಗೆ ಅಲ್ಲ. ನನ್ನ ಸಜ್ಜೆ ರೊಟ್ಟಿ ತೆಗೆದೆ. ಒಣಗಿದ ಕಡಕ್ ರೊಟ್ಟಿ ಮುರಿದರೆ ನಮ್ಮ ಅಂಗಳದಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಅಲ್ಲಿ ಮೂರು ಸಾಲಿನ ಜನ ಬೆಚ್ಚಿಬಿದ್ದು ನೋಡಿದರು. ಪಕ್ಕದ ಬಿಳಿಯ ಮುದುಕನಿಗೆ ಒಂದು ತುಂಡು ಕೊಟ್ಟೆ. ಕಿಟಕಿಯ ಹೊರಗೆ ನೋಡುತ್ತ ಬಹಳ ಹೊತ್ತು ಜಗಿದ. ಆಮೇಲೆ ಇನ್ನೊಂದು ತುಂಡಿಗೆ ಕೈ ಚಾಚಿದ. ಒಳ್ಳೆಯವನು.

ಕಾಲೇಜಿನ ಸಾಲುಮನೆ

ಕಾಲೇಜಿನವರು ಕೊಟ್ಟ ಮನೆ ಒಂದು ಸಾಲಿನಲ್ಲಿತ್ತು. ಎಲ್ಲ ಮನೆಯೂ ಒಂದೇ ತರಹ. ಮೊದಲ ದಿನವೇ ಸ್ವಲ್ಪ ಅಡ್ಡಾಡಿ ಬಂದು ಬೇರೆಯವರ ಬಾಗಿಲು ದೂಡಿದೆ. ಒಳಗೆ ಕೆನ್ಯಾ ದೇಶದ ಅಧಿಕಾರಿಯೊಬ್ಬ ಸಾಕ್ಸ್ ಹಾಕಿಕೊಳ್ಳುತ್ತಿದ್ದ. ಹೆದರಲಿಲ್ಲ. ಎದ್ದು ಕುರ್ಚಿ ಕೊಟ್ಟ, ನೀರು ಕೊಟ್ಟ. ಕುಡಿದು ಬಂದೆ.

ಆ ದೇಶದಲ್ಲಿ ಕಾಲು ತುಳಿದರೆ ತುಳಿಸಿಕೊಂಡವರೇ ಸಾರಿ ಎನ್ನುತ್ತಾರೆ. ನಂಬಿಕೆ ಬರದೆ ಅಂಗಡಿಯಲ್ಲಿ ಇನ್ನೊಮ್ಮೆ ತುಳಿದು ನೋಡಿದೆ. ಮತ್ತೆ ಅವರೇ ಸಾರಿ ಎಂದರು. ಔರಾದ ಸಂತೆಯಲ್ಲಿ ಹೀಗೆ ಮಾಡಿದ್ದರೆ ನನ್ನ ಮೂರು ತಲೆಮಾರನ್ನು ಎಳೆದು ತರುತ್ತಿದ್ದರು. ನಾಯಿಗಳಿಗೆ ಅಲ್ಲಿ ನನ್ನದಕ್ಕಿಂತ ಒಳ್ಳೆಯ ಸ್ವೆಟರ್. ನಾಲ್ಕು ಗಂಟೆಗೆ ಕತ್ತಲು. ನಮ್ಮಲ್ಲಿ ಅದು ಚಹಾ ಕುಡಿದು ಮತ್ತೆ ಹೊಲಕ್ಕೆ ಹೋಗುವ ಹೊತ್ತು.

ನಲವತ್ತರ ಹತ್ತಿರ ಬಂದವರು ಹೆಗಲಿಗೆ ಚೀಲ ಹಾಕಿಕೊಂಡು ಸಾಲಾಗಿ ಕಾಲೇಜಿಗೆ ಹೋಗುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ಕೂದಲು ನೆರೆತವರೂ ಹೋಮ್‌ವರ್ಕ್ ಮಾಡದೆ ಬೈಸಿಕೊಳ್ಳುತ್ತಿದ್ದರಂತೆ. ಅಲ್ಲಿ ಏನು ಕಲಿಸುತ್ತಾರೆ ಎಂದು ಸುಜಾತಾಳನ್ನು ಕೇಳಿದೆ.

"ಇಲ್ಲದ ಒಂದು ದೇಶದ ನಕಾಶಿ ಕೊಡ್ತಾರ. ಅಲ್ಲಿ ಲಡಾಯಿ ಆಗ್ಯದ ಅಂತಾರ. ಅದನ್ನ ಹ್ಯಾಂಗ ನಿಲ್ಲಿಸ್ಬೇಕಂತ ಹತ್ತು ಮಂದಿ ಕೂತು ಪ್ಲಾನ್ ಮಾಡಬೇಕು. ಹಡಗಿನವರು ವಿಮಾನದವರಿಗಿ ಕಾಯಬೇಕು, ವಿಮಾನದವರು ಕಾಲಾಳಿಗಿ ಕಾಯಬೇಕು. ಯಾರೂ ಯಾರಿಗೂ ಕಾಯಂಗಿಲ್ಲ."

"ಮೂರು ನೆಗೆಣ್ಣಿಯರು, ಒಂದು ಒಲಿ."

"ಅಷ್ಟೇ ನೋಡವ್ವ. ಅದನ್ನೇ ಒಂದು ವರ್ಷ ಕಲೀಲತ್ತೀವಿ."

"ನಾ ಆರು ತಿಂಗಳದಾಗ ಕಲ್ತೀನಿ. ನಮ್ಮತ್ತಿ ಕಲಿಸ್ಯಾಳ."

ನಕ್ಕಳು. ಆದರೆ ಅವಳಿಗೆ ಆ ವರ್ಷ ಆಟವಾಗಿರಲಿಲ್ಲ. ಕೋರ್ಸ್ ಚೆನ್ನಾಗಿ ಮುಗಿದರೆ ಊರಿಗೆ ಹೋದ ಮೇಲೆ ಒಂದು ಸ್ಕ್ವಾಡ್ರನ್ ಅವಳ ಕೈಗೆ ಬರುವುದಿತ್ತು. ಹದಿನೈದು ವರ್ಷ ಅದಕ್ಕಾಗಿ ದುಡಿದಿದ್ದಳು. ಅವಳ ಕಡತದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಚುಕ್ಕೆ ಇಡಲು ನಾನು ಹೋದೆ.

ಹೆಪ್ಪು

ನನಗೆ ಮೊಸರಿಲ್ಲದೆ ಊಟ ಇಳಿಯುವುದಿಲ್ಲ. ಸುಜಾತಾ ತಂದಿಟ್ಟಿದ್ದ ಡಬ್ಬಿಯ ಮೊಸರಿನಲ್ಲಿ ಹಣ್ಣು, ಸಕ್ಕರೆ. ಅದು ಮೊಸರಲ್ಲ. ಹಾಲು ಕಾಯಿಸಿ ಮೆಣಸಿನಕಾಯಿ ತೊಟ್ಟು ಹಾಕಿಟ್ಟೆ. ಊರಿನಲ್ಲಾದರೆ ಬೆಳಗಾಗುವುದರೊಳಗೆ ಗಟ್ಟಿಯಾಗುತ್ತದೆ. ಅಲ್ಲಿ ಎರಡು ದಿನ ಕಳೆದರೂ ಹಾಲು ಹಾಲಾಗಿಯೇ ಇತ್ತು, ತೊಟ್ಟು ತೇಲುತ್ತಿತ್ತು.

ಮೂರನೆಯ ದಿನ ಬಾಜೂ ಮನೆಯಿಂದ ಜೀರಿಗೆ ಒಗ್ಗರಣೆಯ ವಾಸನೆ ಬಂತು. ಚಪ್ಪಲಿ ಮೆಟ್ಟಿಕೊಂಡು ಹೋಗಿ ಬಾಗಿಲು ಬಡಿದೆ. ನನ್ನಷ್ಟೇ ವಯಸ್ಸಿನ ಹೆಂಗಸು ತೆರೆದಳು. ತಲೆಯ ಮೇಲೆ ದುಪಟ್ಟಾ, ಕೈಯಲ್ಲಿ ಸೌಟು. ಉರ್ದುವಿನಲ್ಲಿ ಯಾರು ಎಂದಳು. ಜೀವ ಬಂದ ಹಾಗಾಯಿತು. ನಮ್ಮ ಕಡೆ ಉರ್ದು ಬಾರದವರು ಯಾರು? ಸಂತೆ, ಕಚೇರಿ, ಟಾಂಗಾ, ಎಲ್ಲ ಅದರಲ್ಲೇ ನಡೆದದ್ದು. ಮೊಸರಿಗೆ ಹೆಪ್ಪು ಬೇಕು ಎಂದೆ. ಅವಳ ಮಾತನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ಇದು ಯಾವ ಊರಿನ ಉರ್ದು? ಗಾಡಿ ಹೊಡಿಯೋರು ಮಾತಾಡಿದಂಗ ಅದ."

"ನಿಂದು ಪೋಸ್ಟ್ ಮಾಸ್ತರ್ ಮಾತಾಡಿದಂಗ ಅದ. ಹೆಪ್ಪು ಅದ ಏನ್ ಇಲ್ಲ?"

ಇತ್ತು. ಒಂದು ಸ್ಟೀಲ್ ಬಟ್ಟಲಿನಲ್ಲಿ ಹಾಕಿ ಕೊಟ್ಟಳು. ಹೆಸರು ನಸೀಮ್. ಊರು ಮುಲ್ತಾನ್ ಎಂದಳು. ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿ ನನಗೆ ಗೊತ್ತು. ಬೀದರಿನ ಅಂಗಡಿಯಲ್ಲಿ ಸಿಗುತ್ತದೆ. ಹಾಗಾದರೆ ಊರು ಜಹೀರಾಬಾದ್ ದಾಟಿ ಹೈದರಾಬಾದ್ ದಾರಿಯಲ್ಲಿ ಎಲ್ಲೋ ಇರಬೇಕು ಅಂದುಕೊಂಡೆ. ಬಟ್ಟಲಿನ ತಳದಲ್ಲಿ ಉರ್ದು ಅಕ್ಷರದಲ್ಲಿ ಹೆಸರು ಕೊರೆದಿತ್ತು. ನನಗೆ ಓದಲು ಬರದು, ಆದರೆ ಬೀದರಿನ ಅಂಗಡಿಗಳ ಮೇಲೆ ಅದೇ ಅಕ್ಷರ ನೋಡಿ ಬೆಳೆದವಳು. ಇನ್ನೇನು ಬೇಕು?

ಮರುದಿನ ಮೊಸರು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಬಟ್ಟಲು ತೊಳೆದೆ. ಖಾಲಿ ಬಟ್ಟಲು ಯಾರಾದರೂ ತಿರುಗಿ ಕೊಡುತ್ತಾರೆಯೇ? ಶೇಂಗಾ ಹಿಂಡಿ ತುಂಬಿಕೊಟ್ಟೆ. ಹಿಂಡಿ ತಿಂದವಳು ಸುಮ್ಮನಿರುವಳೇ? ಎರಡು ದಿನ ಬಿಟ್ಟು ಅದೇ ಬಟ್ಟಲಿನಲ್ಲಿ ಗಜ್ಜರಿ ಹಲ್ವಾ ತಂದಳು. ನಾನು ಶೇಂಗಾ ಹೋಳಿಗೆ ಕೊಟ್ಟೆ. ಅವಳು ಸಾಸಿವೆ ಸೊಪ್ಪಿನ ಪಲ್ಯ. ಹೋಳಿಗೆ ತುಸು ಗಡಸು ಎಂದಳು. ಪಲ್ಯಕ್ಕೆ ಖಾರ ಸಾಲದು ಎಂದೆ. ಇಬ್ಬರಿಗೂ ಸಮಾಧಾನ.

ಬಟ್ಟಲು ಸಿಕ್ಕಿಬಿದ್ದ ದಿನ

ಒಂದು ಮಧ್ಯಾಹ್ನ ಸುಜಾತಾ ಬೇಗ ಬಂದಳು. ನೀರು ಕುಡಿಯಲು ಹೋದವಳು ಬಟ್ಟಲನ್ನು ತಿರುಗಿಸಿ ತಳ ನೋಡಿದಳು.

"ಅವ್ವ, ಇದು ಯಾರ ಬಟ್ಟಲ?"

"ಬಾಜೂ ಮನಿದು. ಹೈದರಾಬಾದ್ ಕಡ್ಯಾವ್ರು."

"ಹೈದರಾಬಾದ್ ಅಲ್ಲವ್ವ ಅವರು. ಪಾಕಿಸ್ತಾನದವರು. ಅಕಿ ಮಗ ಮೇಜರ್ ಇದ್ದಾನ. ನನ್ನ ಟೇಬಲ್‌ದಾಗೇ ಕೂಡ್ತಾನ."

"ಅಕಿ ಮುಲ್ತಾನ್ ಅಂದ್ಳಲ್ಲ."

"ಮುಲ್ತಾನ್ ಎಲ್ಲದ?"

"ಜಹೀರಾಬಾದ್ ದಾಟಿ."

ಸುಜಾತಾ ಕುರ್ಚಿಯ ಮೇಲೆ ಕೂತುಬಿಟ್ಟಳು. ಆಮೇಲೆ ಹೇಳಿದಳು. ಆ ದೇಶದವರ ಜೊತೆ ತರಗತಿಯಲ್ಲಿ ಮಾತಾಡಬಹುದು. ಅದರಾಚೆ ಮಾತಾಡಿದರೆ, ಏನಾದರೂ ಕೊಟ್ಟರೆ, ತೆಗೆದುಕೊಂಡರೆ, ಎಲ್ಲ ಬರೆದು ತನ್ನ ಮೇಲಿನ ಆಫೀಸಿಗೆ ತಿಳಿಸಬೇಕು. ಬರೆಯದೆ ಮುಚ್ಚಿಟ್ಟರೆ ತಪ್ಪು. ಬರೆದದ್ದು ಜಾಸ್ತಿಯಾದರೆ ಯಾಕೆ ಇಷ್ಟು ಒಡನಾಟ ಎಂಬ ಮಾತು ಬರಬಹುದು. ಸ್ಕ್ವಾಡ್ರನ್ ಕೊಡುವಾಗ ಆ ಮಾತನ್ನು ಯಾರಾದರೂ ನೆನಪಿಸಿಕೊಂಡರೆ ಮುಗಿಯಿತು.

ಕೂತು ಬರೆದಳು. ಓದಿ ಹೇಳು ಎಂದೆ. "ಒಂದು ಚಮಚ ಹೆಪ್ಪು. ಒಂದು ಬಟ್ಟಲು ಗಜ್ಜರಿ ಹಲ್ವಾ. ಒಂದು ಬಟ್ಟಲು ಪಲ್ಯ." ನನ್ನ ಹಿಂಡಿಯನ್ನು ಕಡಲೆಕಾಯಿ ಪುಡಿ ಎಂದು ಬರೆದಿದ್ದಳು. ಅದು ಹಿಂಡಿ ಎಂದೆ. "ಅವ್ವ, ಸುಮ್ಕಿರು" ಎಂದಳು.

"ಇನ್ನ ಬಂದ್ ಮಾಡು. ಬಟ್ಟಲ ನಾ ಕಾಲೇಜಿನಾಗ ಆ ಮೇಜರ್‌ಗ ಕೊಟ್ಬಿಡ್ತೇನಿ."

"ಏನ್ ಹಾಕಿ ಕೊಡ್ತೀ?"

"ಏನೂ ಇಲ್ಲ. ಬಟ್ಟಲ ಅಷ್ಟೇ."

"ಖಾಲಿ? ನಮ್ಮ ಮನಿಯಿಂದ ಖಾಲಿ ಬಟ್ಟಲ ಹೋಗಂಗಿಲ್ಲ ಸುಜಾತಾ. ಸತ್ತ ಮನಿಗೂ ನಮ್ಮತ್ತಿ ಖಾಲಿ ಭಾಂಡಿ ಕಳಿಸಿಲ್ಲ."

"ಹಂಗಾದ್ರ ಇಲ್ಲೇ ಇರ್ಲಿ. ನೀ ಮಾತ್ರ ಆ ಬಾಗಿಲಿಗಿ ಹೋಗಬ್ಯಾಡ."

ಮಗಳ ನೌಕರಿ. ಹೂಂ ಎಂದೆ.

ಅದೇ ವಾರ ಟೀವಿಯಲ್ಲಿ ಗಡಿಯ ಕಡೆಯ ಸುದ್ದಿ ಕೆಟ್ಟಿತು. ಸುಜಾತಾ ಮನೆಯಲ್ಲೂ ಮಾತು ಕಡಿಮೆ ಮಾಡಿದಳು. ಬಟ್ಟಲು ಅಡುಗೆಮನೆಯ ಹಲಗೆಯ ಮೇಲೆ ಕೂತಿತ್ತು. ಒಲೆ ಹಚ್ಚಲು ಹೋದಾಗಲೆಲ್ಲ ನನ್ನನ್ನೇ ನೋಡುತ್ತಿತ್ತು. ನಸೀಮಳ ಪಲ್ಯ ತಿಂದು ಬಟ್ಟಲು ಇಟ್ಟುಕೊಂಡ ಹೆಂಗಸು ನಾನು. ಇದಕ್ಕಿಂತ ಹಲ್ಕಾ ಕೆಲಸ ನಾನು ಜೀವನದಲ್ಲಿ ಮಾಡಿಲ್ಲ.

ಒಂದು ದಿನ ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ಬೇಲಿಯ ಆ ಕಡೆ ನಸೀಮ್ ಕಂಡಳು. ಬಟ್ಟೆ ಕೊಡವುತ್ತ, ನನ್ನ ಕಡೆ ನೋಡದೆಯೇ ಹೇಳಿದಳು:

"ನನ್ನ ಮಗನೂ ಬರೀತಾನ. ನಿನ್ನ ಹೋಳಿಗಿ ಬರ್ದಾನ."

"ಗಡಸು ಅಂತ ಬರ್ದಾನ ಏನ್?"

"ಅದು ನಾ ಬಾಯಾಗೇ ಹೇಳೀನಿ, ಸಾಲದಾ?"

ಒಳಗೆ ಹೋದಳು. ನಮ್ಮಿಬ್ಬರ ಅಡುಗೆಯ ಸುದ್ದಿ ಎರಡು ಸರಕಾರಕ್ಕೆ ಹೋಗಿತ್ತು. ಉಪ್ಪು ಖಾರದ ವಿಷಯ ಮಾತ್ರ ಯಾರೂ ಬರೆದಿರಲಿಲ್ಲ.

ಎಳ್ಳ ಅಮಾವಾಸ್ಯೆ

ಜನವರಿಯಲ್ಲಿ ಕಾಲೇಜಿನಲ್ಲಿ ಮನೆಯವರಿಗೆಲ್ಲ ಊಟದ ದಿನ. ದೊಡ್ಡ ಸಭಾಂಗಣದಲ್ಲಿ ಒಂದೊಂದು ದೇಶಕ್ಕೆ ಒಂದೊಂದು ಮೇಜು. ಅವರವರು ತಮ್ಮ ಊರಿನ ಊಟ ಇಡಬೇಕು. ಸುಜಾತಾ ಹೋಟೆಲಿಗೆ ಸಮೋಸಾ ಹೇಳಿದ್ದಳು.

ಆ ದಿನವೇ ನಮ್ಮ ಎಳ್ಳ ಅಮಾವಾಸ್ಯೆ. ಊರಿನಲ್ಲಿದ್ದರೆ ಎಲ್ಲರೂ ಹೊಲದಲ್ಲಿ ಇರುವ ದಿನ. ಭಜ್ಜಿ ಮಾಡದೆ ನಾನು ಆ ದಿನ ಕಳೆದವಳಲ್ಲ. ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ಕಾಳು, ಸೊಪ್ಪು, ಗಜ್ಜರಿ, ಸಿಕ್ಕ ತರಕಾರಿ ಎಲ್ಲ ಕೂಡಿಸಿ, ಕಡಲೆ ಹಿಟ್ಟು ಮಜ್ಜಿಗೆ ಹಾಕಿ ಕುದಿಸಿದ್ದು. ಅಲ್ಲಿ ಕಾಳೆಲ್ಲ ಮಂಜುಗಡ್ಡೆಯ ಪೊಟ್ಟಣದಲ್ಲಿ ಸಿಗುತ್ತವೆ. ಕುದಿದ ಮೇಲೆ ಅವಕ್ಕೂ ಬುದ್ಧಿ ಬಂತು. ಮಜ್ಜಿಗೆ ನಸೀಮಳ ಹೆಪ್ಪಿನದೇ.

ಸುಜಾತಾ ಭಜ್ಜಿಯನ್ನೂ ಮೇಜಿನ ಮೇಲೆ ಇಡಲು ಒಪ್ಪಿದಳು. ನಾನು ನಸೀಮಳ ಬಟ್ಟಲನ್ನು ಬೇರೆ ತುಂಬಿ ಶಾಲಿನ ಒಳಗೆ ಹಿಡಿದುಕೊಂಡೆ. ಅದನ್ನು ಅವಳಿಗೆ ಹೇಳಲಿಲ್ಲ. ನನ್ನ ಲೆಕ್ಕ ಇಷ್ಟೇ. ಬಾಗಿಲಿಗೆ ಹೋಗಬೇಡ ಎಂದಿದ್ದಾಳೆ, ನಾನು ಬಾಗಿಲಿಗೆ ಹೋಗುವುದಿಲ್ಲ. ಎಲ್ಲರ ಎದುರು, ಕಾಲೇಜಿನ ದೊಡ್ಡ ಜನರಲ್ ಎದುರು ಕೊಟ್ಟರೆ ಅದರಲ್ಲಿ ಕದ್ದುಮುಚ್ಚಿ ಏನಿದೆ?

ಮೇಜುಗಳನ್ನು ಇಂಗ್ಲಿಷ್ ಅಕ್ಷರದ ಸಾಲಿನಲ್ಲಿ ಇಟ್ಟಿದ್ದರು. ನಮ್ಮ ಮೇಜಿಗೂ ಅವರ ಮೇಜಿಗೂ ನಡುವೆ ಆರು ದೇಶ. ಸುಜಾತಾ ಯಾರಿಗೋ ಸಮೋಸಾ ಕೊಡುತ್ತಿದ್ದಳು. ನಾನು ಹೊರಟೆ. ಜಪಾನ್ ದಾಟಿದೆ. ಕೆನ್ಯಾದವನು ಗುರುತು ಹಿಡಿದು ಕುರ್ಚಿ ಕೊಡಲು ಬಂದ, ಈಗ ಬೇಡ ಎಂದೆ. ಅಷ್ಟು ದೂರದಲ್ಲಿ ನಸೀಮ್ ನನ್ನನ್ನು ನೋಡಿದಳು. ಶಾಲಿನೊಳಗಿಂದ ಬಟ್ಟಲು ತೆಗೆದೆ. ಅವಳು ಮಗನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ ಎರಡು ಹೆಜ್ಜೆ ಮುಂದೆ ಬಂದಳು. ಹಿಂದಿನಿಂದ "ಅವ್ವ!" ಎಂದು ಸುಜಾತಾಳ ದನಿ ಕೇಳಿತು. ತಿರುಗಲಿಲ್ಲ.

ನೇಪಾಳದ ಮೇಜಿನ ಹತ್ತಿರ ಜನರಲ್‌ನ ಹೆಂಡತಿ ಅಡ್ಡ ಬಂದಳು. ಎತ್ತರದ ದೊರೆಸಾನಿ, ಮುತ್ತಿನ ಸರ. ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಮುಂದೆ ಚಾಚಿಕೊಂಡು ಬರುತ್ತಿದ್ದ ನನ್ನನ್ನು ಕಂಡು ತನಗೇ ತಂದಿದ್ದೇನೆ ಅಂದುಕೊಂಡಳು. ಮುಖ ಅರಳಿತು. ಏನೇನೋ ಹೇಳಿ, ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು, ಮೂಸಿ ನೋಡಿ, ನನ್ನ ಕೆನ್ನೆಗೆ ಕೆನ್ನೆ ತಾಗಿಸಿ, ಹೊರಟೇಹೋದಳು.

ಆರು ದೇಶದ ನಡುವೆ ನಾನು ಬರಿಗೈಯಲ್ಲಿ ನಿಂತಿದ್ದೆ. ಆ ಕಡೆ ನಸೀಮ್ ಬಾಯಿ ತೆರೆದು ನಿಂತಿದ್ದಳು. ನಮ್ಮ ಇಬ್ಬರ ಕಣ್ಣೆದುರು ಬಟ್ಟಲು ಬಾಗಿಲು ದಾಟಿ ಹೋಯಿತು. ಸುಜಾತಾ ಓಡಿ ಬಂದು ನನ್ನ ರಟ್ಟೆ ಹಿಡಿದಳು. ಆ ಕಡೆ ಮೇಜರ್ ಅವನ ಅವ್ವನ ರಟ್ಟೆ ಹಿಡಿದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ತರಗತಿಯ ಹೊರಗೆ ಅವರು ಹಾಗೆ ನೋಡಿದ್ದು ಅದೇ ಮೊದಲಂತೆ. ಮೇಜರ್‌ಗೆ ನಗು ತಡೆಯಲಾಗಲಿಲ್ಲ, ತಿರುಗಿ ನಿಂತ. ಸುಜಾತಾ ನಗಲಿಲ್ಲ.

ಮನೆಗೆ ಬಂದು ಮತ್ತೆ ಬರೆಯಲು ಕೂತಳು. "ಹ್ಯಾಂಗ ಬರೀಲವ್ವ ಇದನ್ನ? ಬಟ್ಟಲ ಅವರದು, ಭಜ್ಜಿ ನಮ್ದು, ಒಯ್ದಾಕಿ ಇಂಗ್ಲಿಷ್‌ದಾಕಿ. ಯಾರು ಯಾರಿಗಿ ಏನ್ ಕೊಟ್ಟಂಗಾಯ್ತು?"

"ಇದ್ದದ್ದು ಇದ್ದಂಗ ಬರಿ."

ಬರೆದಳು. ಎರಡು ಹಾಳೆ ಆಯಿತು. ಅಂದು ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ನನಗೂ ಭಜ್ಜಿ ರುಚಿಸಲಿಲ್ಲ. ಹದಿನೈದು ವರ್ಷ ಅವಳು ಕಟ್ಟಿದ್ದನ್ನು ಒಂದು ಬಟ್ಟಲಿನಿಂದ ನಾನು ಕೆಡವಿದೆನೇ ಎಂದು ಆ ವಾರವೆಲ್ಲ ಒಳಗೇ ಕುದಿದೆ. ಮೇಲಿನ ಆಫೀಸಿನಿಂದ ಉತ್ತರ ಬರಲಿಲ್ಲ.

ದೊರೆಸಾನಿ ಬಂದ ದಿನ

ಎಂಟು ದಿನದ ಮೇಲೆ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಜನರಲ್‌ನ ಹೆಂಡತಿ ತಾನೇ ನಡೆದುಕೊಂಡು ಬಂದಿದ್ದಳು. ಬಟ್ಟಲು ಕೈಯಲ್ಲಿತ್ತು, ಅದರ ಜೊತೆ ಹೂವಿನ ಚಿತ್ರದ ಒಂದು ಕಾರ್ಡು. ನಕ್ಕಳು, ಕೊಟ್ಟಳು, ಹೋದಳು.

ಬಟ್ಟಲು ತಿಕ್ಕಿ ತಿಕ್ಕಿ ಕನ್ನಡಿ ಮಾಡಿದ್ದಳು, ನನ್ನ ಮುಖ ಕಾಣುತ್ತಿತ್ತು. ಮುಖ ಬಿಟ್ಟರೆ ಒಳಗೆ ಏನೂ ಇರಲಿಲ್ಲ. ಒಂದು ಸಕ್ಕರೆ ಕಾಳು, ಒಂದು ಬಿಸ್ಕತ್ತು, ಏನೂ ಇಲ್ಲ. ತಿರುಗಿಸಿ ತಳ ಕೂಡ ನೋಡಿದೆ. ಅಷ್ಟು ದೊಡ್ಡ ಮನೆ, ಅಷ್ಟು ದೊಡ್ಡ ಹುದ್ದೆ, ಖಾಲಿ ಬಟ್ಟಲು.

ಸುಜಾತಾ ಕಾಲೇಜಿನಿಂದ ಬಂದಳು. ಕಾರ್ಡು ಓದಿದಳು. ಭಜ್ಜಿ ಬಹಳ ರುಚಿ, ಮಾಡುವುದು ಹೇಗೆ ಹೇಳಿಕೊಡಿ ಎಂದು ಬರೆದಿತ್ತಂತೆ.

"ಖಾಲಿ ಕೊಟ್ಟಾಳ" ಎಂದೆ.

"ಅವರದ್ರಾಗ ಹಂಗೇ ಅವ್ವ. ತೊಳೆದು ಕೊಟ್ರ ಅದೇ ಮರ್ಯಾದಿ."

"ಅದೆಂಥ ಮರ್ಯಾದಿ?"

ಅವಳು ಆಗಲೇ ಫೋನ್ ತೆಗೆದು ಏನೋ ಓದುತ್ತಿದ್ದಳು. ಮುಖ ಬದಲಾಯಿತು. ಮೇಲಿ‌ನ ಆಫೀಸಿನ ಉತ್ತರ ಬಂದಿತ್ತು. ಗಟ್ಟಿಯಾಗಿ ಓದು ಎಂದೆ. ಮೊದಲು ಮನಸ್ಸಿನಲ್ಲೇ ಓದಿದಳು, ಆಮೇಲೆ ಗಟ್ಟಿಯಾಗಿ ಕನ್ನಡದಲ್ಲಿ ಹೇಳಿದಳು: "ಬಟ್ಟಲಿನ ವಿಷಯ ಗಮನಿಸಲಾಗಿದೆ. ಇನ್ನು ಮುಂದೆ ಅಡುಗೆಯ ಪದಾರ್ಥಗಳಿಗೆ ಒಂದೊಂದಾಗಿ ವರದಿ ಕಳಿಸುವ ಅಗತ್ಯವಿಲ್ಲ. ತಿಂಗಳಿಗೊಮ್ಮೆ ಸಾಕು."

ಬೂಟು ಬಿಚ್ಚದೆ, ಸಮವಸ್ತ್ರದಲ್ಲೇ, ಅಡುಗೆಮನೆಯ ನೆಲದ ಮೇಲೆ ಕೂತು ನಕ್ಕಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಮುಂದೆ ಸ್ಕ್ವಾಡ್ರನ್ ಅವಳಿಗೇ ಸಿಕ್ಕಿತು, ಈಗಲೂ ಅವಳ ಕೈಯಲ್ಲೇ ಇದೆ. ಅವತ್ತು ಅದು ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, ಬಟ್ಟಲು ಇನ್ನೂ ನನ್ನ ಮನೆಯಲ್ಲಿದೆ. ಹಾಲು ಕಾಯಿಸಿ ಹೆಪ್ಪು ಹಾಕಿಟ್ಟೆ.

ಮರುದಿನ ಬೆಳಿಗ್ಗೆ ಬಟ್ಟಲಿನ ತುಂಬ ಗಟ್ಟಿ ಮೊಸರು ಹಾಕಿಕೊಂಡು ಬಾಜೂ ಮನೆಯ ಬಾಗಿಲು ಬಡಿದೆ. ನಸೀಮ್ ತೆರೆದಳು. ನನ್ನನ್ನು ನೋಡಲಿಲ್ಲ, ಬಟ್ಟಲನ್ನು ನೋಡಿದಳು.

"ದೊರೆಸಾನಿ ಏನ್ ಹಾಕಿ ಕಳಿಸಿದ್ಳು?"

"ಖಾಲಿ."

ಕೈಯನ್ನು ಎದೆಯ ಮೇಲಿಟ್ಟುಕೊಂಡಳು. ಹೊಸ್ತಿಲಲ್ಲಿ ನಿಂತು ಇಬ್ಬರೂ ಆ ದೊರೆಸಾನಿಯ ತವರುಮನೆಯ ಬಗ್ಗೆ ಸ್ವಲ್ಪ ಹೊತ್ತು ಮಾತಾಡಿದೆವು. ಆಮೇಲೆ ನಸೀಮ್ ಬೆರಳು ಅದ್ದಿ ಮೊಸರು ನೆಕ್ಕಿದಳು.

"ಹುಳಿ ಆಗ್ಯದ."

"ಹೆಪ್ಪು ನಿಂದೇ" ಎಂದೆ, ಬಟ್ಟಲು ಅವಳ ಕೈಗೆ ಕೊಟ್ಟು ಮನೆಗೆ ಬಂದೆ.